ಎರಡೂ ಬಾಗಿಲು ತೆರೆದ ಸಂಜೆ

ಸೋಲಾಪುರದ ನಮ್ಮ ಮನೆಯಲ್ಲಿ ಗಡಿಯಾರಕ್ಕಿಂತ ಆಯಿಯ ಮಾತು ದೊಡ್ಡದು. ಆಯಿ ಎಂದರೆ ಅಪ್ಪನ ತಾಯಿ. ಸಂಜೆ ದೇವರಿಗೆ ದೀಪ ಹಚ್ಚಿದೊಡನೆ ಮುಂಬಾಗಿಲು ತೆರೆಯಬೇಕು, ಹಿತ್ತಿಲ ಬಾಗಿಲು ಹಾಕಬೇಕು. ಎರಡೂ ತೆರೆದಿದ್ದರೆ ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗುತ್ತಾಳೆ. ದೀಪ ತಾನಾಗಿ ಶಾಂತವಾಗುವ ತನಕ ಹಿತ್ತಿಲ ಅಗಳಿಯನ್ನು ಯಾರೂ ಮುಟ್ಟುವಂತಿಲ್ಲ.

ಬಟ್ಟೆ ಅಂಗಡಿಯ ಅಪ್ಪನದು ಇನ್ನೊಂದು ನಿಯಮ. ಬೇರೆ ಜಾತಿಯವನನ್ನು ಮದುವೆಯಾಗಿ ಅಕ್ಕಲಕೋಟೆಯಲ್ಲಿ ಸಂಸಾರ ಹೂಡಿದ ಅಕ್ಕ ಮುಂಬಾಗಿಲು ತುಳಿಯಕೂಡದು. ಅವಳು ಮಧ್ಯಾಹ್ನದ ಎಸ್‌ಟಿ ಬಸ್ಸಿಗೆ ಬಂದು, ಹಿತ್ತಿಲಿನಿಂದ ಒಳಸೇರಿ, ಹಾಸಿಗೆ ಹಿಡಿದಿದ್ದ ಅವ್ವನ ಬಳಿ ಕುಳಿತು, ಅಪ್ಪ ಬರುವ ಮೊದಲೇ ಹೋಗುತ್ತಿದ್ದಳು. ಆಯಿ ಕಂಡೂ ಕಾಣದಂತೆ ಜಪಸರ ತಿರುಗಿಸುತ್ತಿದ್ದಳು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದುತ್ತಿದ್ದೆ. ದಿನದ ಪಾಠವನ್ನು ಅವ್ವನ ಮಗ್ಗುಲಲ್ಲಿ ಕುಳಿತು ಗಟ್ಟಿಯಾಗಿ ಓದುವುದು ನನ್ನ ರೂಢಿ. ಆ ದಿನದ ಪಾಠ ಬ್ಯಾಕ್ಟೀರಿಯಾದ ಪೊರೆಯದು. ಜಿಡ್ಡಿನ ಆ ತೆಳುಪೊರೆಯನ್ನು ಹಾಲಿನ ಸಕ್ಕರೆ ತಾನಾಗಿ ದಾಟಲಾರದು. ಪೊರೆಯಲ್ಲಿ ಹುದುಗಿದ ಪ್ರೋಟೀನೊಂದು ಹೊರಮುಖವಾಗಿ ತೆರೆದು ಅದನ್ನು ಕೂರಿಸಿಕೊಳ್ಳುತ್ತದೆ. ಜೊತೆಗೊಂದು ಪ್ರೋಟಾನೂ ಬರುತ್ತದೆ. ಒಳನುಗ್ಗಲು ಹವಣಿಸುವ ಅದರ ಒತ್ತಡವೇ ಸಕ್ಕರೆಯನ್ನು ತಳ್ಳುವ ಬಲ. ಆಮೇಲೆ ಹೊರಬದಿ ಮುಚ್ಚಿ ಒಳಬದಿ ತೆರೆಯುತ್ತದೆ.

"ಅಷ್ಟ ಸಣ್ಣ ಜೀವಕ್ಕೂ ಬಾಗಿಲಾ ಅದಾವೇನ?" ಎಂದು ಕೇಳಿದಳು ಅವ್ವ.

"ಅದಾವ. ಆದ್ರ ಎರಡೂ ಕಡಿ ಕೂಡೇ ತೆರಿಯೂದಿಲ್ಲ. ತೆರದ್ರ ಹೊರಗಿಂದೆಲ್ಲಾ ಒಳಗ ನುಗ್ಗಿ ಸತ್ತ ಹೋಗ್ತದ."

ಅವ್ವ ನಕ್ಕಳು. "ನಿಮ್ಮ ಆಯಿ ಅದಕ್ಕೂ ಹೋಗಿ ಶಿಸ್ತ ಕಲಿಸಿ ಬಂದಾಳ ನೋಡು."

"ನಗ್ರಿ, ನಗ್ರಿ," ಎಂದಳು ಒಳಗಿನಿಂದ ಆಯಿ. "ಆ ಹುಳಕ್ಕಿರೂ ಅಕ್ಕಲ್ ನಿಮಗಿಲ್ಲ."

ಅದೇ ವಾರ ಅವ್ವನ ಉಸಿರು ಕೆಟ್ಟಿತು. ಅಕ್ಕನಿಗೆ ಹೇಳಿಕಳಿಸಿದೆವು. ಮಧ್ಯಾಹ್ನದ ಬಸ್ಸಿಗೆ ಅವಳು ಬರಲಿಲ್ಲ. "ಬಂದ್ಳೇನ?" ಎಂದು ಅವ್ವ ಹಿತ್ತಿಲ ಕಡೆಗೇ ನೋಡುತ್ತಿದ್ದಳು. ದೀಪದ ಹೊತ್ತಿಗೆ ನಾನು ಹಿತ್ತಿಲ ಓಣಿಯಲ್ಲಿ ಇಣುಕಿದೆ, ಯಾರೂ ಇರಲಿಲ್ಲ. ಅಪ್ಪ ಬೇಗನೆ ಮನೆಗೆ ಬಂದು ಮುಂಬಾಗಿಲ ಕಟ್ಟೆಯಲ್ಲಿ ಕುಳಿತಿದ್ದರು. ಆಯಿ ಅಗಳಿ ಹಾಕಿದಳು. ಸೊಸೆಯ ಜೀವಕ್ಕೆಂದು ದೀಪಕ್ಕೆ ಎಂದಿಗಿಂತ ಹೆಚ್ಚು ಎಣ್ಣೆ ಎರೆದಳು. ಎಣ್ಣೆ ಇರುವ ತನಕ ಆಯುಷ್ಯ ಎಂಬುದು ಅವಳ ನಂಬಿಕೆ.

ದೀಪ ಉರಿಯುತ್ತಲೇ ಇತ್ತು. ಅವ್ವ ಇನ್ನೊಮ್ಮೆ ಕೇಳಿದಳು, "ಬಂದ್ಳೇನ?" ಆಮೇಲೆ ಕೇಳಲಿಲ್ಲ.

ಆಯಿಯ ಗೋಳು ಮನೆ ತುಂಬಿತು. ಆಗ ಹಿತ್ತಿಲ ಬಾಗಿಲು ಬಡಿದ ಸದ್ದಾಯಿತು. ನನಗಿಂತ ಮೊದಲು ಎದ್ದವಳು ಆಯಿ. ತಾನೇ ಅಗಳಿ ಸರಿಸಿದಳು. ಮುಂಬಾಗಿಲಿನಿಂದ ನೆರೆಯವರು ಬರತೊಡಗಿದ್ದರು. ಗಾಳಿ ಒಂದು ಬಾಗಿಲಿಂದ ಇನ್ನೊಂದಕ್ಕೆ ನೇರ ಹಾಯಿತು. ಅಷ್ಟು ಎಣ್ಣೆಯಿದ್ದ ದೀಪ ಆರಿತು.

ಹೊಸ್ತಿಲಾಚೆ ಅಕ್ಕ ನಿಂತಿದ್ದಳು. ಬಸ್ಸು ದಾರಿಯಲ್ಲಿ ಕೆಟ್ಟಿತ್ತಂತೆ. ಅಗಳಿ ಬಿದ್ದ ಸ್ವಲ್ಪ ಹೊತ್ತಿಗೇ ಬಂದು ಹಿತ್ತಿಲ ಕಲ್ಲಿನ ಮೇಲೆ ಕುಳಿತಿದ್ದಳಂತೆ; ಗೋಳು ಕೇಳಿದ ಮೇಲೆಯೇ ಬಾಗಿಲು ಬಡಿದದ್ದಂತೆ.

"ಮೊದಲ ಬಡೀಬಾರದೇನ ನನ್ನವ್ವ!" ಎಂದಳು ಆಯಿ.

"ಬಾಗಿಲ ಸಂದ್ಯಾಗ ದೀಪಾ ಕಾಣತಿತ್ತು, ಆಯಿ," ಎಂದಳು ಅಕ್ಕ. "ಅದಕ್ಕ ಬಡೀಲಿಲ್ಲ."

ಅಪ್ಪ ಮುಖ ಬೇರೆ ಕಡೆ ತಿರುಗಿಸಿ ನಿಂತರು. ಆ ರಾತ್ರಿ ಯಾರೂ ಯಾವ ಬಾಗಿಲನ್ನೂ ಮುಚ್ಚಲಿಲ್ಲ.