ಪರದೆಯ ಹೊರಗಿನ ಕೆಮ್ಮು

ಸದಾಶಿವ ಪೇಠೆಯ ಹಳಬರಿಗೆ ಸಂಕಪ್ಪಣ್ಣನ ಹೋಟೆಲಿನ ಸಾಂಬಾರು ಎಷ್ಟು ಪರಿಚಿತವೋ ಅವರ ಕೆಮ್ಮೂ ಅಷ್ಟೇ ಪರಿಚಿತ. ಅದು ರೋಗದ ಕೆಮ್ಮಲ್ಲ ಮಾರಾಯರೇ, ಕಸುಬಿನ ಕೆಮ್ಮು. ಮೂಲ್ಕಿ ಕಡೆಯಿಂದ ಮೀಸೆ ಮೂಡುವ ಮೊದಲೇ ಪುಣೆಗೆ ಬಂದು, ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಅಲ್ಲಿಯ ಫ್ಯಾಮಿಲಿ ರೂಮಿಗೆ ಮಾಣಿಯಾಗಿ ಬಡ್ತಿ ಪಡೆದಾಗ ಕಲಿತದ್ದು. ಫ್ಯಾಮಿಲಿ ರೂಮೆಂದರೆ ಅಟ್ಟದ ಮೇಲೆ ಹಲಗೆ ಹೊಡೆದು ಮಾಡಿದ ಸಣ್ಣ ಸಣ್ಣ ಗೂಡು, ಪ್ರತಿ ಗೂಡಿಗೂ ಒಂದು ಹಸಿರು ಪರದೆ. ಒಳಗೆ ಮದುವೆ ನಿಶ್ಚಯವಾದ ಜೋಡಿ ಇರಬಹುದು, ಅತ್ತೆಯ ಕಣ್ಣು ತಪ್ಪಿಸಿ ಬಂದ ಗಂಡ ಹೆಂಡತಿ ಇರಬಹುದು, ಒಂದು ಕಾಫಿ ತರಿಸಿಕೊಂಡು ಒಬ್ಬಳೇ ಅಳುವ ಹೆಂಗಸೂ ಇರಬಹುದು. ಮಾಣಿ ಹೊರಗೆ ನಿಂತು ಒಮ್ಮೆ ಕೆಮ್ಮಬೇಕು. ಒಳಗಿನಿಂದ ‘ಬಾ’ ಎಂಬ ಮಾತು ಬಾರದೆ ಪರದೆ ಮುಟ್ಟಬಾರದು. ತಟ್ಟೆ ಇಟ್ಟು ಕೆಳಗಿಳಿಯುವಷ್ಟರಲ್ಲಿ ಕಂಡ ಮುಖ ಮರೆತುಹೋಗಿರಬೇಕು.

ಆ ವಿದ್ಯೆಯಲ್ಲಿ ಸಂಕಪ್ಪಣ್ಣನನ್ನು ಮೀರಿಸುವವರಿರಲಿಲ್ಲ. ಮುಂದೆ ಅದೇ ಹೋಟೆಲನ್ನು ಕೊಂಡು ಗಲ್ಲಾದಲ್ಲಿ ಕೂತರೂ ಕೆಮ್ಮು ಬಿಡಲಿಲ್ಲ. ದೇವರ ಕೋಣೆಗೆ ಹೋಗಲಿ, ಮಗಳು ಓದುತ್ತ ಕೂತ ಮೂಲೆಗೆ ಹೋಗಲಿ, ಮೊದಲು ಕೆಮ್ಮೇ. “ನಿಮಗೆ ಸ್ವಂತ ಮನೆಯೂ ಫ್ಯಾಮಿಲಿ ರೂಮಾ?” ಎಂದು ಹೆಂಡತಿ ಪ್ರೇಮಾವತಿ ನಗಾಡುತ್ತಿದ್ದರು. ಒಬ್ಬಳೇ ಮಗಳು ಶ್ರದ್ಧಾ ಮಾತ್ರ ಪುಸ್ತಕದಿಂದ ತಲೆ ಎತ್ತದೆ, ಗಿರಾಕಿಯ ಗತ್ತಿನಲ್ಲಿ, “ಬಾ” ಎನ್ನುತ್ತಿದ್ದಳು. ಆ ಒಂದು ಅಕ್ಷರಕ್ಕೆ ಅಪ್ಪ ಕರಗಿ ನೀರಾಗುತ್ತಿದ್ದರು.

ಹೋಟೆಲಿನವರ ಪದ್ಧತಿ ಗೊತ್ತಲ್ಲ, ಹೋಟೆಲಿಗೆ ದೇವರ ಹೆಸರು, ಗಾಡಿಗೆ ಮಗಳ ಹೆಸರು. ಮಾರ್ಕೆಟ್ ಯಾರ್ಡಿನಿಂದ ತರಕಾರಿ ತರುವ ಮೆಟಡೋರಿನ ಹಣೆಯ ಮೇಲೆ ಸಂಕಪ್ಪಣ್ಣ ಕೆಂಪು ಬಣ್ಣದಲ್ಲಿ ‘ಶ್ರದ್ಧಾ’ ಎಂದು ಬರೆಸಿದ್ದರು. ಕೊತ್ತಂಬರಿ ಕಟ್ಟಿನ ಜೊತೆ ಮಗಳ ಹೆಸರು ದಿನಾ ಬೆಳಿಗ್ಗೆ ಅರ್ಧ ಪುಣೆ ಸುತ್ತಿ ಬರುತ್ತಿತ್ತು.

ಅಂಥ ಮಗಳು ಒಂದು ದಿನ, ತೊಂಬತ್ತೊಂಬತ್ತರ ದೀಪಾವಳಿ ಕಳೆದ ಮೇಲೆ, ದೌಂಡದ ಒಬ್ಬ ಮರಾಠಿ ಹುಡುಗನನ್ನು ಮದುವೆಯಾಗುತ್ತೇನೆ ಎಂದಳು. ಗೂಡ್ಸ್ ಗಾಡಿಯ ಗಾರ್ಡು. ಸಂಕಪ್ಪಣ್ಣನಿಗೆ ಜಾತಿಗಿಂತ ಹೆಚ್ಚಾಗಿ ಚುಚ್ಚಿದ್ದು ತನಗೆ ಕಡೆಯಲ್ಲಿ ತಿಳಿಯಿತಲ್ಲ ಎಂಬುದು. ಊರಿನವರ ಗುಟ್ಟನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ ಮನುಷ್ಯನಿಗೆ ಮನೆಯ ಗುಟ್ಟೇ ಗೊತ್ತಿರಲಿಲ್ಲ.

“ಹೋಗುವುದಾದ್ರೆ ಹೋಗು. ಇನ್ನು ನಿನ್ನ ಹೆಸರು ನನ್ನ ಬಾಯಲ್ಲಿ ಬರ್ಲಿಕ್ಕಿಲ್ಲ,” ಎಂದರು.

“ಸರಿ. ನೀವು ಬಾರದೆ ನಾನೂ ಬರುದಿಲ್ಲ,” ಎಂದಳು ಮಗಳು. ಅಪ್ಪನಿಗೆ ತಕ್ಕ ಮಗಳು, ಹಟದಲ್ಲಿ ಒಂದು ಕೈ ಮೇಲೆಯೇ.

ಪುಣೆಯಿಂದ ದೌಂಡಕ್ಕೆ ಎರಡು ತಾಸಿನ ರೈಲು. ಅಷ್ಟು ದಾರಿ ಏಳು ಸಮುದ್ರದಷ್ಟಾಯಿತು. ಮೆಟಡೋರು ಗುಜರಿಗೆ ಹೋಯಿತು. ಹಣೆಯ ತಗಡನ್ನು ಮಾತ್ರ ಸಂಕಪ್ಪಣ್ಣ ಬಿಚ್ಚಿಸಿ ಅಟ್ಟದ ಮೆಟ್ಟಿಲ ಕೆಳಗೆ ಇಟ್ಟುಕೊಂಡರು.

ಎರಡು ಸಾವಿರದ ಒಂದರ ಹೊತ್ತಿಗೆ ಫ್ಯಾಮಿಲಿ ರೂಮಿಗೆ ಬರುವ ಫ್ಯಾಮಿಲಿಗಳೇ ಇಲ್ಲವಾದವು. ಆಗ ಉಪಾಯ ಹೇಳಿದವರು ಮುರುಗೆಪ್ಪ ಮಾಸ್ತರು. ಬಾಗಲಕೋಟೆ ಕಡೆಯವರು, ಪಕ್ಕದ ಗಲ್ಲಿಯ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿಸುವವರು. ಒಂದು ಕಾಲದಲ್ಲಿ ಶ್ರದ್ಧಾಳಿಗೂ ಕಲಿಸಿದವರು.

“ಅಣ್ಣಾರ, ಆರು ಗೂಡಿಗೆ ಆರು ಕಂಪ್ಯೂಟರ್ ಇಡ್ರಿ. ಸೈಬರ್ ಕೆಫೆ ಮಾಡ್ರಿ. ಪರದೆ ಹೆಂಗೂ ಅದಾವ.”

“ಪರದೆ ಇದ್ದು ಎಂಥ ಪ್ರಯೋಜನ ಮಾಸ್ತರೇ? ಒಬ್ಬ ನೋಡಿದ್ದು ಇನ್ನೊಬ್ಬನಿಗೆ ಕಾಣ್ತದಂತಲ್ಲ ಈ ಕೆಫೆಗಳಲ್ಲಿ? ನನ್ನಲ್ಲಿ ಅದು ಆಗ್ಲಿಕ್ಕಿಲ್ಲ.”

ಅದಕ್ಕೆ ಮಾಸ್ತರು ಏಳನೆಯ ಕಂಪ್ಯೂಟರೊಂದನ್ನು ತಂದು ಮೆಟ್ಟಿಲ ಕೆಳಗೆ ಕೂರಿಸಿದರು. ಇದರ ಹೆಸರು ಪ್ರಾಕ್ಸಿ ಸರ್ವರ್ ಎಂದರು. ಆರು ಗೂಡಿಗೂ ಇರುವುದು ಒಂದೇ ಇಂಟರ್ನೆಟ್ ದಾರಿ, ಎಲ್ಲರ ಪರವಾಗಿ ಇದೊಂದೇ ಹೊರಗೆ ಹೋಗಿ ಬರುತ್ತದೆ. ಸಂಕಪ್ಪಣ್ಣನಿಗೆ ಥಟ್ಟನೆ ಅರ್ಥವಾಯಿತು. ಗಿರಾಕಿ ಮಾಣಿಗೆ ಹೇಳುತ್ತಾನೆ, ಮಾಣಿ ಅಡುಗೆಮನೆಗೆ ಕೂಗುತ್ತಾನೆ, ಮಸಾಲೆ ದೋಸೆ ತಿಂದವರು ಯಾರೆಂದು ಭಟ್ಟರಿಗೆ ಏಕೆ ಗೊತ್ತಾಗಬೇಕು?

“ಆದ್ರ ಇದಕ್ಕ ಹುಟ್ಟಾ ಒಂದು ಕೆಟ್ಟ ಚಟ ಅದರಿ. ಯಾರು ಎಲ್ಲಿ ಹೋದ್ರು ಅಂತ ಎಲ್ಲಾ ಬರದಿಡ್ತದ.”

“ಬಿಡಿಸಿ ಆ ಚಟ.”

ಮಾಸ್ತರು ಬಿಡಿಸಿದರು. ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಸಾಲು ಸಾಲು ಬಿಳಿ ಅಕ್ಷರ. ಕೆಲವು ಸಾಲುಗಳ ಮುಂದೆ ಒಂದು ಗುರುತು ಇರುತ್ತದೆ, ಅಲ್ಲಿಯವರೆಗೆ ಆ ಸಾಲು ನಿದ್ದೆಯಲ್ಲಿರುತ್ತದೆ, ಗುರುತು ಅಳಿಸಿದರೆ ಎಚ್ಚರವಾಗುತ್ತದೆ. ಮಾಸ್ತರು ಒಂದೊಂದೇ ಸಾಲನ್ನು ಎಬ್ಬಿಸುತ್ತ, ಒಂದೊಂದನ್ನು ಮಲಗಿಸುತ್ತ ಹೋದರು. ಸಂಕಪ್ಪಣ್ಣ ಪಕ್ಕದಲ್ಲಿ ಕೂತು ತೊಟ್ಟಿಲು ತೂಗುವುದನ್ನು ನೋಡುವ ಹಾಗೆ ನೋಡಿದರು.

“ಮಷೀನಿಗೊಂದು ಹೆಸರು ಬೇಕಂತದರಿ. ಏನ್ ಇಡೂಣು?”

ಸಂಕಪ್ಪಣ್ಣ ಬಾಯಿ ತೆರೆದು ಮುಚ್ಚಿದರು. ಮೂಲೆಯ ತಗಡಿನ ಕಡೆ ಗದ್ದ ತೋರಿಸಿ, “ಆ ಗಾಡಿಯ ಹೆಸರೇ ಇಡಿ,” ಎಂದರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಮಾಸ್ತರು ತಗಡನ್ನು ನೋಡಿದರು, ಅಣ್ಣನನ್ನು ನೋಡಿದರು, ಹೆಸರು ಟೈಪ್ ಮಾಡಿದರು.

ಗೂಡುಗಳು ಮತ್ತೆ ತುಂಬಿದವು. ಮೂರನೆಯ ಗೂಡಿಗೆ ನರ್ಮದಾ ಎಂಬ ಹೆಂಗಸು ವಾರಕ್ಕೆರಡು ಸಲ ಬರುತ್ತಿದ್ದಳು. ಗಂಡನಿಗೆ ತಿಳಿಯದಂತೆ ಯಾರಿಗೋ ಏನೋ ಬರೆಯುವಳು, ಮುಗಿಸಿ ಹೋಗುವಾಗ “ಇಲ್ಲಿ ಏನೂ ಉಳಿಯುದಿಲ್ಲ ಅಲ್ವಾ ಅಣ್ಣಾ?” ಎಂದು ಪ್ರತಿ ಸಲ ಕೇಳುವಳು. “ಏನೂ ಇಲ್ಲ ತಂಗೀ,” ಎಂದು ಇವರು ಎದೆಯುಬ್ಬಿಸಿ ಹೇಳುವರು.

ಒಂದು ಮಧ್ಯಾಹ್ನ ಮಾಸ್ತರು ಮೂಲೆಯ ಗೂಡಿನ ಕಂಪ್ಯೂಟರಿನಲ್ಲಿ ಯಾರೋ ದಿನಾ ಬರೆಯುವ ಒಂದು ಪುಟ ತೆರೆದಿಟ್ಟು, “ನೋಡಬೇಕನಿಸಿದ್ರ ನೋಡ್ರಿ, ಇಲ್ಲಾಂದ್ರ ಬಿಡ್ರಿ,” ಎಂದು ಹೊರಟುಬಿಟ್ಟರು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಸಂಕಪ್ಪಣ್ಣ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. ‘ಬೆಳಿಗ್ಗೆ ಮಂಜು. ಸೊಲ್ಲಾಪುರದ ಗಾಡಿ ಮೊದಲು ದೀಪವಾಗಿ ಬಂತು, ಆಮೇಲೆ ಸದ್ದಾಗಿ, ಆಮೇಲೆ ಗಾಡಿಯಾಗಿ. ಇಲ್ಲಿಯ ಅಕ್ಕಿಯಲ್ಲಿ ನೀರುದೋಸೆ ಬಲೆ ಬಲೆಯಾಗಿ ಏಳುವುದಿಲ್ಲ.’ ಯಾರ ಪುಟ ಎಂದು ಹೇಳಬೇಕೇ? ಆ ದೋಸೆಯ ದುಃಖ ಜಗತ್ತಿನಲ್ಲಿ ಇನ್ನಾರಿಗೆ ಇದ್ದೀತು!

ಅಂದಿನಿಂದ ಊಟದ ಗದ್ದಲ ಇಳಿದು ಚಹಾದ ಗದ್ದಲ ಏಳುವ ಮೊದಲು, ಮೂರೂವರೆಗೆ, ಸಂಕಪ್ಪಣ್ಣ “ಮಷೀನು ನೋಡಿ ಬರ್ತೇನೆ” ಎಂದು ಅಟ್ಟ ಹತ್ತತೊಡಗಿದರು. ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಹಲಗೆಯ ಮೇಲೆ ಮಲಗಿರುತ್ತಿತ್ತು. ಫ್ಯಾನು ಗುಂಯ್‌ಗುಡುತ್ತಿತ್ತು. ಮಗಳು ಕಬ್ಬಿನ ಗಾಡಿ ಹೋದ ದಾರಿಯೆಲ್ಲ ಸಿಹಿ ವಾಸನೆ ಎಂದು ಬರೆದ ದಿನ ಕೆಳಗಿನ ಸಾಂಬಾರಿನ ಪರಿಮಳದೊಳಗೇ ಆ ವಾಸನೆ ಬಂದು ಸೇರಿತು. ಅರೆಗಣ್ಣಿನಲ್ಲಿ ಅವರಿಗೆ ರೈಲ್ವೆ ಕ್ವಾರ್ಟರ್ಸಿನ ಕಿಟಕಿ ಕಾಣುತ್ತಿತ್ತು, ಕಿಟಕಿಯಲ್ಲಿ ಒಂದು ಜಡೆ, ಜಡೆಯಾಚೆ ಹಸಿರು ಬಾವುಟ ಬೀಸುತ್ತ ಹೋಗುವ ಕೊನೆಯ ಡಬ್ಬಿ. ಆ ಗಾರ್ಡಿನ ಮುಖ ಮಾತ್ರ ಕಾಣುತ್ತಿರಲಿಲ್ಲ. ದಿನ ಕಳೆದಂತೆ ಅದೂ ಅಷ್ಟಿಷ್ಟು ಕಾಣತೊಡಗಿತು, ನೋಡಲಿಕ್ಕೆ ಪರವಾಗಿಲ್ಲ ಎನಿಸತೊಡಗಿತು.

ಸೋಜಿಗವೆಂದರೆ, ಇವರು ಮನಸ್ಸಿನಲ್ಲಿ ಕೇಳಿದ್ದಕ್ಕೆಲ್ಲ ಆ ಪುಟ ಉತ್ತರ ಕೊಡುತ್ತಿತ್ತು. ಚಳಿಗೆ ಸ್ವೆಟರ್ ಇದೆಯೋ ಇಲ್ಲವೋ ಎಂದುಕೊಂಡರೆ ಮರುದಿನ ಸ್ವೆಟರಿನ ಸುದ್ದಿ. ಸಂಕಪ್ಪಣ್ಣ ಅದನ್ನು ದೇವರ ಲೆಕ್ಕಕ್ಕೆ ಹಾಕಿದರು. ತಾನು ನೋಡುವುದು ಯಾರಿಗೂ ಗೊತ್ತಾಗುವುದಿಲ್ಲವಲ್ಲ, ಪ್ರಾಕ್ಸಿ ಉಂಟಲ್ಲ!

ಆಮೇಲೊಂದು ಮಳೆಗಾಲ ಅವರಿಗೆ ಜ್ವರ ಬಂದು ಕೆಲವು ದಿನ ಹಾಸಿಗೆ ಹಿಡಿದರು. ಎದ್ದ ದಿನವೇ ಗೋಡೆ ಹಿಡಿದುಕೊಂಡು ಅಟ್ಟ ಹತ್ತಿ ಪುಟ ತೆರೆದರು. ಅಲ್ಲಿ ಬರೆದಿತ್ತು: ‘ಮೂರೂವರೆಯ ಗಿರಾಕಿ ಕಾಣುವುದಿಲ್ಲ. ಆರೋಗ್ಯ ಹೇಗುಂಟು? ಅವರ ಗೂಡು ಖಾಲಿ ಇಟ್ಟಿದ್ದೇನೆ.’

ಸಂಕಪ್ಪಣ್ಣ ಗೋಡೆ ಹಿಡಿದುಕೊಂಡೇ ಕೆಳಗಿಳಿದರು. ಮಾಸ್ತರನ್ನು ಕರೆಸಿ ಹರಿಹಾಯ್ದರು. “ಎಂಥ ಗುಟ್ಟು ಮಾರಾಯ್ರೇ ನಿಮ್ಮ ಪ್ರಾಕ್ಸಿದ್ದು? ಅವಳಿಗೆ ಎಲ್ಲ ಗೊತ್ತುಂಟು!”

ಮಾಸ್ತರು ಮೆಟ್ಟಿಲ ಕೆಳಗೆ ಕೂತು ಸಾಲು ಸಾಲು ನೋಡಿದರು. ನಾಲಿಗೆ ಕಚ್ಚಿಕೊಂಡರು. “ಅಯ್ಯ ಶಿವನ! ‘ಹೆಸರು ಹೇಳಬ್ಯಾಡ’ ಅನ್ನೂ ಒಂದು ಸಾಲು ಮಲಗೇ ಉಳದದರಿ ಅಣ್ಣಾರ. ಭಾಳ ತಪ್ಪಾತು. ನಿಮ್ಮ ಮಷೀನು ಗಿರಾಕಿ ಹೆಸರು ಹೇಳೂದಿಲ್ಲ, ಖರೆ. ಆದ್ರ ಹೋದ ಹೋದ ಬಾಗಿಲದಾಗ ತನ್ನ ಹೆಸರು ಹೇಳಿ ಒಳಗ ಹೋಗೇದ. ಪುಟ ಮಾಡಿದವರಿಗೆ ಯಾರು ಯಾವ ದಾರಿಲೆ ಬಂದ್ರು ಅಂತ ಕಾಣಸ್ತದರಿ. ದಿನಾ ಮೂರೂವರೆಕ್ಕ ಆಕೀ ಬಾಗಿಲಿಗೆ ‘ಶ್ರದ್ಧಾ’ ಅಂತ ಹೇಳಿಕೋತ ಯಾರು ಬರ್ತಾರ್ರಿ, ನೀವಲ್ಲದ?”

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕಥೆಯಾಯಿತು. ಬಾಯಲ್ಲಿ ಬರಬಾರದೆಂದು ಆಣೆಯಿಟ್ಟ ಹೆಸರನ್ನು ಮೆಟ್ಟಿಲ ಕೆಳಗಿನ ಯಂತ್ರ ಒಂದೂವರೆ ವರ್ಷ ಜಗತ್ತಿನ ಮನೆಮನೆಗೆ ಹೋಗಿ ಹೇಳಿ ಬಂದಿತ್ತು, ಆ ಹಳೆಯ ಮೆಟಡೋರಿನ ಹಾಗೆ. ಸಂಕಪ್ಪಣ್ಣನಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಹೇಳಲಿಕ್ಕೆ ಬಾರದ ಒಂದು ಸಂತೋಷ ಹೊಟ್ಟೆಯಿಂದ ಎದ್ದು ಕಣ್ಣಿಗೆ ಬಂತು. ಅವಳು ಅಷ್ಟೂ ದಿನ ತನಗೇ ಬರೆಯುತ್ತಿದ್ದಳು! ಸ್ವೆಟರು, ಮಂಜು, ದೋಸೆ, ಎಲ್ಲ ತನಗೇ.

“ಆ ಸಾಲು ಎಬ್ಬಿಸ್ಲೇನ್ರಿ?” ಮಾಸ್ತರು ಕೇಳಿದರು. “ಎಬ್ಬಿಸಿದ್ರ ನೀವು ಹೋದದ್ದು ಆಕೀಗೆ ತಿಳಿಯೂದಿಲ್ಲ. ವಿಚಾರ ಮಾಡಿ ಹೇಳ್ರಿ.”

ಇರಲಿ ಬಿಡಿ ಎಂಬ ಮಾತು ತುಟಿಯವರೆಗೆ ಬಂದಿತ್ತು. ಅಷ್ಟರಲ್ಲಿ ಮೂರನೆಯ ಗೂಡಿನ ಪರದೆ ಸರಿಸಿ ನರ್ಮದಾ ಇಳಿದು ಬಂದಳು. “ಏನೂ ಉಳಿಯುದಿಲ್ಲ ಅಲ್ವಾ ಅಣ್ಣಾ?” ಎಂದಳು. ಸಂಕಪ್ಪಣ್ಣ ಈ ಸಲ ಎದೆಯುಬ್ಬಿಸದೆ ಮಾಸ್ತರ ಮುಖ ನೋಡಿದರು. ದೌಂಡದಲ್ಲಿ ಕೂತ ಮಗಳು ತನ್ನನ್ನು ಹಿಡಿದಳಾದರೆ, ಇವಳನ್ನು ಹಿಡಿಯಲು ಇವಳ ಗಂಡನಿಗೆ ಎಷ್ಟು ಹೊತ್ತು ಬೇಕು?

ಅವಳು ಹೋದ ಮೇಲೆ, “ಎಬ್ಬಿಸಿ,” ಎಂದರು. “ಈಗಲೇ ಎಬ್ಬಿಸಿ.”

ಮರುದಿನ ಮೂರೂವರೆಗೆ ಮತ್ತೆ ಹೋಗಿ ಕೂತರು. ಅದೇ ಪುಟ, ಅದೇ ಬಿಸಿಲು. ಆದರೆ ಸುಖವಿಲ್ಲ. ಜೀವಮಾನದಲ್ಲಿ ಮೊದಲ ಸಲ ಅವರು ಕೆಮ್ಮದೆ ಒಂದು ಪರದೆಯೊಳಗೆ ಇಣುಕಿದ್ದರು. ಇಷ್ಟು ದಿನ ತನಗೆ ಗೊತ್ತಿಲ್ಲದೆ ಆ ಯಂತ್ರ ತನ್ನ ಪರವಾಗಿ ಕೆಮ್ಮುತ್ತಿತ್ತು. ಈಗ ಕೆಮ್ಮುವವರಿಲ್ಲ. ಕೂಡಲೇ ಪುಟ ಮುಚ್ಚಿದರು. ಆದರೂ ಮನಸ್ಸು ಕೇಳಬೇಕಲ್ಲ, ವಾರ ಕಳೆದು ಇನ್ನೊಮ್ಮೆ ತೆರೆದರು. ಮಂಜಿಲ್ಲ, ದೋಸೆಯಿಲ್ಲ, ಗಾಡಿಯ ಸುದ್ದಿಯಿಲ್ಲ. ‘ಗೂಡು ಇನ್ನೂ ಖಾಲಿ’ ಎಂದಷ್ಟೇ ಇತ್ತು. ಅದನ್ನು ಓದಿ ಮುದುಕ ಪರದೆಯೊಳಗೆ ಕೂತು ಅತ್ತರು.

ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟಾಗ ಪ್ರೇಮಾವತಿ ಎಲ್ಲಿಗೆ ಎಂದು ಕೇಳಲಿಲ್ಲ. ಊರಿನ ಕುಚ್ಚಲಕ್ಕಿಯಲ್ಲ, ದೋಸೆಯ ಬೆಳ್ತಿಗೆ ಅಕ್ಕಿಯ ಚೀಲ ಕೈಗಿಟ್ಟರು. “ಅವಳಿಗೆ ಅಲ್ಲಿಯ ಅಕ್ಕಿ ಆಗುದಿಲ್ಲಂತೆ,” ಎಂದರು.

“ನಿನಗೆ ಹೇಗೆ ಗೊತ್ತು?”

“ನೀವು ಇಳಿದ ಮೇಲೆ ನಾನು ಹತ್ತುದು,” ಎಂದರು ಪ್ರೇಮಾವತಿ. “ಮಾಸ್ತರು ಓದಿ ಹೇಳ್ತಾರೆ.”

ರೈಲಿನಲ್ಲಿ ಕಬ್ಬಿನ ಹೊಲಗಳು ಹಿಂದಕ್ಕೆ ಹರಿದವು. ಓದಿ ಓದಿ ನೋಡಿದ ಊರು ಕಣ್ಣಾರೆ ಕಂಡಾಗ ಕನಸಿನೊಳಗೆ ಇಳಿದಂತಾಯಿತು. ಯಾರನ್ನೂ ಕೇಳದೆ ಕ್ವಾರ್ಟರ್ಸಿನ ದಾರಿ ಹಿಡಿದರು. ಸಾಲಿನ ಕೊನೆಯಲ್ಲಿ ಹಳಿಗೆ ಮುಖಮಾಡಿದ ಕಿಟಕಿ, ತೆರೆದ ಬಾಗಿಲು, ಬಾಗಿಲಿಗೆ ಇಳಿಬಿಟ್ಟ ಹಸಿರು ಪರದೆ. ಒಳಗೆ ದೋಸೆಕಲ್ಲಿನ ಮೇಲೆ ಚುಂಯ್ ಎಂಬ ಸದ್ದು.

ಹೆಸರು ಹಿಡಿದು ಕರೆಯಬೇಕೆಂದು ಬಾಯಿ ತೆರೆದರು. ನಾಲ್ಕು ವರ್ಷದ ಹಟ ಅಡ್ಡ ಕೂತಿತ್ತು. ಹೆಸರು ಬರಲಿಲ್ಲ. ಕೆಮ್ಮು ಬಂತು.

ಚುಂಯ್ ಎನ್ನುವುದು ನಿಂತಿತು. ಹಳಿಯ ಮೇಲೆ ಎಲ್ಲಿಯೋ ಒಂದು ಗಾಡಿ ಕೂಗಿತು. ಒಳಗಿನಿಂದ ಮಗಳ ಧ್ವನಿ, ನಗುವೋ ಅಳುವೋ ತಿಳಿಯದ್ದು, “ಇನ್ನೂ ಮೂರೂವರೆ ಆಗ್ಲಿಲ್ಲ ಅಲ್ವಾ ಅಪ್ಪ?” ಎಂದಿತು.

‘ಬಾ’ ಎಂಬ ಮಾತಿಗೆ ಸಂಕಪ್ಪಣ್ಣ ಕಾಯಲಿಲ್ಲ. “ಶ್ರದ್ಧಾ,” ಎಂದು ಕರೆದು ಪರದೆ ಸರಿಸಿದರು.