ಒಳಗಿನ ಚಿಲಕ

ಕಳೆದ ವಾರ ನನ್ನ ಕ್ವಾರ್ಟರ್ಸಿನ ಮುಂಬಾಗಿಲ ಚಿಲಕ ಕಿರ್ರೆನ್ನತೊಡಗಿತು. ತೇವಕ್ಕೆ ತುಕ್ಕು ಹಿಡಿದಿರಬೇಕು. ಹೊಲಿಗೆ ಮಷೀನಿಗೆ ಬಿಡುವ ಎಣ್ಣೆಯ ಪುಟ್ಟ ಬಾಟಲಿ ಮನೆಯಲ್ಲಿತ್ತು. ನಾಲ್ಕು ಹನಿ ಬಿಟ್ಟು ಚಿಲಕವನ್ನು ಹಿಂದೆ ಮುಂದೆ ಎಳೆದೆ. ಕಬ್ಬಿಣಕ್ಕೆ ತಾಗಿದ ಎಣ್ಣೆಯ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಬಲಗೈಯ ಕಿರುಬೆರಳು ತಾನಾಗಿಯೇ ಮಡಚಿಕೊಂಡಿತು. ಪೆಟ್ಟು ಬೀಳುತ್ತದೆಂದು ಅದಕ್ಕೆ ಇನ್ನೂ ಭಯ. ಪೆಟ್ಟು ಕೊಡುವವರು ಹೋಗಿ ಎಷ್ಟೋ ವರ್ಷಗಳಾದವು ಎಂದು ಬೆರಳಿಗೆ ಯಾರು ಹೇಳಬೇಕು...

ಅದು ದಿನಾ ಟೈಪ್‌ರೈಟರುಗಳಿಗೆ ಎಣ್ಣೆ ಬಿಡುತ್ತಿದ್ದ ನಮ್ಮ ಟೈಪಿಂಗ್ ಮೇಡಂ ಅವರ ವಾಸನೆ. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ, ಒಂದು ಹಾರ್ಡ್‌ವೇರ್ ಅಂಗಡಿಯ ಅಟ್ಟದ ಮೇಲೆ ಅವರ ಕ್ಲಾಸು ಇತ್ತು. ಡಿಗ್ರಿ ಮುಗಿಸಿ ಸುಮ್ಮನೆ ಕೂತಿದ್ದ ನಾನು ನಮ್ಮೂರು ಕಡಹಿನಬೈಲಿನಿಂದ ಎನ್.ಆರ್. ಪುರಕ್ಕೆ ಬಂದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ದಿನಾ ಅಲ್ಲಿಗೆ ಹೋಗುತ್ತಿದ್ದೆ. ಟೈಪಿಂಗ್ ಪಾಸಾದರೆ ಯಾವುದಾದರೂ ಆಫೀಸಿನಲ್ಲಿ ಕೆಲಸ ಸಿಗುತ್ತದೆ ಎನ್ನುವುದು ಆಗ ನಮ್ಮ ಕಡೆಯ ಎಲ್ಲರ ನಂಬಿಕೆ. ಕಂಪ್ಯೂಟರ್ ಬಂದಾಗಿತ್ತು, ಆದರೂ ಮೊದಲು ಮಷೀನಿನಲ್ಲೇ ಕಲಿಯಬೇಕೆಂಬುದು ಮೇಡಂ ಅವರ ಹಟ.

ಮೇಡಂ ಹೊಡೆಯುತ್ತಿದ್ದರು. ಇದನ್ನು ಮುಚ್ಚಿಟ್ಟು ಅವರನ್ನು ದೇವತೆ ಮಾಡಲು ನನಗೆ ಇಷ್ಟವಿಲ್ಲ. ಕೈಯಲ್ಲಿ ಕರಿ ರೂಲುದೊಣ್ಣೆ ಹಿಡಿದು ಬೆನ್ನ ಹಿಂದೆ ನಡೆಯುತ್ತಿದ್ದರು. ತಪ್ಪು ಬೆರಳು ತಪ್ಪು ಕೀಲಿಯ ಮೇಲೆ ಬಿದ್ದರೆ ಗೆಣ್ಣಿನ ಮೇಲೆ ಫಟ್ ಎಂದು ಬೀಳುತ್ತಿತ್ತು. ಮದುವೆಯಾಗುವ ವಯಸ್ಸಿನ ಹುಡುಗಿಯರಾದ ನಾವು ಅಲ್ಲಿ ಕೂತು ಮೂಗು ಸೊರ್ರೆನ್ನಿಸಿ ಅಳುತ್ತಿದ್ದೆವು. "ಕಿರುಬೆರಳು ಸತ್ತಿದೆಯೇನೆ? ಅದಕ್ಕೆ ಜೀವ ಇಲ್ವಾ?" ಎಂದು ಅವರು ಕೂಗಿದರೆ ರಸ್ತೆಯ ಆಚೆಗಿನ ಹೋಟೆಲಿನವರಿಗೂ ಕೇಳುತ್ತಿತ್ತು. ಅವರ ಆ ಪೆಟ್ಟುಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅವರಷ್ಟು ನಾನು ಹಚ್ಚಿಕೊಂಡವರೂ ಇನ್ನೊಬ್ಬರಿಲ್ಲ.

ಕೆಳಗಿನ ಅಂಗಡಿ ಅವರ ಗಂಡನದು. ಊರವರೆಲ್ಲ ಸಾವ್ಕಾರ್ರು ಎನ್ನುತ್ತಿದ್ದರು. ನಾನು ಏಕವಚನದಲ್ಲೇ ಬರೆಯುತ್ತೇನೆ, ಬಹುವಚನ ಕೊಡುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಅಂಗಡಿಗೂ ಕ್ಲಾಸಿಗೂ ನಡುವೆ ಇದ್ದದ್ದು ಮರದ ಹಲಗೆ ಮಾತ್ರ. ಮೇಲಿನ ಟಕಟಕ ಕೇಳುತ್ತಿರುವವರೆಗೆ ಅವನು ಮೊಳೆ ತೂಗುತ್ತಾ, ಪೈಪು ಅಳೆಯುತ್ತಾ ಆರಾಮಾಗಿರುತ್ತಿದ್ದ. ಕೊಂಚ ಹೊತ್ತು ಸದ್ದು ನಿಂತರೆ ಕಬ್ಬಿಣದ ಪೈಪು ಎತ್ತಿ ಅಟ್ಟಕ್ಕೆ ಕೆಳಗಿನಿಂದ ಧಡ್ ಧಡ್ ಎಂದು ಕುಟ್ಟುತ್ತಿದ್ದ. ನಮ್ಮ ಅಂಗಾಲಿಗೆ ಆ ಪೆಟ್ಟು ತಾಗುತ್ತಿತ್ತು. ಆಗ ಮೇಡಂ ಎಲ್ಲಿದ್ದರೂ ತಮ್ಮ ಮಷೀನಿನ ಹತ್ತಿರ ಓಡಿ, ಕಾಗದ ಸುತ್ತಿದ ಕ್ಯಾರೇಜನ್ನು ತಳ್ಳಿ ಅದರ ಗಂಟೆ ಟಿಂಗ್ ಎನ್ನಿಸಬೇಕು. ನಾನು ಇಲ್ಲೇ ಇದ್ದೇನೆ ಎಂದು ಅರ್ಥ. ಆ ಗಂಟೆ ತಡವಾದ ದಿನದ ಮಾರನೆಯ ಬೆಳಿಗ್ಗೆ ಮೇಡಂ ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದ್ದು ಬರುತ್ತಿದ್ದರು. ಅವತ್ತು ನಮಗೂ ಪೆಟ್ಟು ಜಾಸ್ತಿ.

ಅಂಗಡಿಯ ಹಿಂದೆಯೇ ಅವರ ಮನೆ. ಒಮ್ಮೆ ಬಚ್ಚಲಿಗೆಂದು ಹೋದವಳು ಚಿಲಕ ಹಾಕಲು ಕೈ ಚಾಚಿದರೆ ಚಿಲಕವೇ ಇರಲಿಲ್ಲ. ಸ್ಕ್ರೂ ಕಿತ್ತ ತೂತುಗಳು ಮಾತ್ರ ಇದ್ದವು. ಬರುವಾಗ ನೋಡಿದೆ, ಮಲಗುವ ಕೋಣೆಯ ಬಾಗಿಲಿನ ಒಳಬದಿಗೂ ಹಾಗೆಯೇ ತೂತುಗಳಿದ್ದವು. ಮುಂಬದಿಯ ಅಂಗಡಿಯಲ್ಲಿ ಹಿತ್ತಾಳೆಯದು, ಉಕ್ಕಿನದು, ಗೇಣುದ್ದದ್ದು, ಬೆರಳುದ್ದದ್ದು ಎಂದು ರಾಶಿ ರಾಶಿ ಚಿಲಕ ಮಾರುವವನ ಮನೆಯಲ್ಲಿ ಹೆಂಡತಿಗೆ ಹಾಕಿಕೊಳ್ಳಲು ಒಂದು ಚಿಲಕವಿರಲಿಲ್ಲ.

ಆ ವರ್ಷವೇ ವಿಶ್ವವಿದ್ಯಾಲಯದಲ್ಲಿ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಕರೆದರು. ಮೇಡಂ ನಮ್ಮೆಲ್ಲರ ಅರ್ಜಿಗಳನ್ನೂ ತಾವೇ ಕೂತು ತುಂಬಿಸಿದರು. ಕೊನೆಗೆ ನನ್ನನ್ನೂ ನೆಮ್ಮಾರಿನಿಂದ ಬರುತ್ತಿದ್ದ ಹುಡುಗಿಯನ್ನೂ ಹತ್ತಿರ ಕರೆದು ಮೆಲ್ಲಗೆ ಹೇಳಿದರು: "ನಾನೂ ಹಾಕಿದೀನಿ ಕಣ್ರೇ. ಯಾರತ್ರನೂ ಬಾಯಿ ಬಿಡ್ಬೇಡಿ. ಕ್ವಾರ್ಟರ್ಸ್ ಕೊಡ್ತಾರಂತೆ ಮಾರಾಯ್ತಿ. ಸಣ್ಣದೇ ಇರ್ಲಿ. ಒಳಗಿಂದ ಚಿಲಕ ಹಾಕ್ಕೊಂಡು ಒಂದು ದಿನ ಮಲಗ್ಬೇಕು ನಂಗೆ."

ಅವರು ನಮ್ಮೆದುರು ನಗುತ್ತಾ ಮಾತಾಡಿದ್ದು ಅದೇ ಮೊದಲು.

ನಮ್ಮ ಪರೀಕ್ಷೆ ಒಂದು ದಿನ ಬಿತ್ತು, ಮೇಡಂ ಅವರದು ಇನ್ನೊಂದು ದಿನ. ಬೆಳಿಗ್ಗೆ ಹೋಗಿ ಸಂಜೆಯೊಳಗೆ ಬರಬಹುದಾದ ದೂರ. ಉಪಾಯವೂ ಅವರದೇ. ಎಂದಿನಂತೆ ಕ್ಲಾಸಿಗೆ ಹತ್ತುವುದು, ಹಿಂದಿನ ಮೆಟ್ಟಿಲಿಳಿದು ಓಣಿಯಲ್ಲಿ ಹಾದು ಬಸ್ಸು ಹಿಡಿಯುವುದು. ಉಳಿದವರಿಗೆ ಅವತ್ತು ರಜೆ ಹೇಳಿದ್ದರು, ಕ್ಲಾಸಿನಲ್ಲಿ ನಾವಿಬ್ಬರೇ. ಅವರು ವಾಪಸು ಬರುವವರೆಗೆ ನೆಮ್ಮಾರಿನವಳು ಮೇಡಂ ಅವರ ಮಷೀನಿನಲ್ಲಿ ಕೂತು ಅವರ ವೇಗದಲ್ಲೇ ಟೈಪ್ ಹೊಡೆಯಬೇಕು. ಕೆಳಗಿನಿಂದ ಕುಟ್ಟಿದರೆ ಗಂಟೆ ಬಾರಿಸಬೇಕು. ಗಂಡನಿಗೆ ಮಧ್ಯಾಹ್ನದ ಊಟವನ್ನು ಬೆಳಿಗ್ಗೆಯೇ ಅಂಗಡಿಯಲ್ಲಿಟ್ಟು ಬಂದಿದ್ದರು. "ಎಂತ ಆಗುದಿಲ್ಲೆ ಮೇಡಂ, ನೀವು ಹೋಯ್ನಿ" ಎಂದು ನೆಮ್ಮಾರಿನವಳು ಧೈರ್ಯ ಹೇಳಿ ಕಳಿಸಿದಳು.

ನಾವು ಅವತ್ತು ಹೊಡೆದ ಹಾಗೆ ಜೀವಮಾನದಲ್ಲಿ ಟೈಪ್ ಹೊಡೆದಿಲ್ಲ. ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಅವನು ಕುಟ್ಟಿದಾಗಲೆಲ್ಲ ಗಂಟೆ ಸರಿಯಾಗಿ ಟಿಂಗ್ ಎಂದಿತು. ಮಧ್ಯಾಹ್ನ ದಾಟಿತು. ಗೆದ್ದೆವು ಎಂದು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿರುವಾಗ ಮುಂದಿನ ಮೆಟ್ಟಿಲು ಕಿರುಗುಟ್ಟಿತು. ಕೈಯಲ್ಲಿ ಪೈಪು ಹಿಡಿದು ಅವನು ಬಾಗಿಲಲ್ಲಿ ನಿಂತಿದ್ದ.

"ಬೆಳಿಗ್ಗಿಂದ ಒಬ್ಬರಿಗೂ ಬೈಗುಳ ಇಲ್ಲ, ಒಂದು ಪೆಟ್ಟಿಲ್ಲ," ಎಂದ. "ನಾನೆಂತ ಕಿವುಡನಾ? ಎಲ್ಲಿ ಅವಳು?"

ಎಲ್ಲವನ್ನೂ ಯೋಚಿಸಿದ್ದೆವು, ಪೆಟ್ಟನ್ನು ಮರೆತಿದ್ದೆವು. ದಿನಾ ಕೇಳಿ ಕೇಳಿ ಅವನ ಕಿವಿಗೆ ರೂಲುದೊಣ್ಣೆಯ ಸದ್ದು ರೂಢಿಯಾಗಿದೆ ಎಂದು ನಮಗೆ ಹೊಳೆದಿರಲೇ ಇಲ್ಲ. ಮೇಡಂ ಅವರಿಗೂ ಹೊಳೆದಿರಲಿಲ್ಲ. ಹೊಡೆತ ತಿನ್ನುವವರಿಗೆ ಅದು ನೋವು, ಅವನಿಗೆ ಅದು ಮನೆಯ ಗಡಿಯಾರದ ಸದ್ದಿನ ಹಾಗೆ.

ನೆಮ್ಮಾರಿನವಳು ಎದ್ದು ನಿಲ್ಲುವುದರೊಳಗೆ ಪೈಪು ಮೇಡಂ ಅವರ ಮಷೀನಿನ ಮೇಲೆ ಬಿತ್ತು. ಮತ್ತೆ ಬಿತ್ತು. ಅಕ್ಷರದ ಕಡ್ಡಿಗಳು ಕಿತ್ತು ಹಾರಿದವು. ಒಂದು ನನ್ನ ಹುಬ್ಬನ್ನು ಸೀಳಿತು. ಕಣ್ಣಿಗೆ ರಕ್ತ ಇಳಿದು ಏನೂ ಕಾಣಲಿಲ್ಲ. ಕಿರುಚಿದ ನೆಮ್ಮಾರಿನವಳ ಜಡೆಯನ್ನು ಕೈಗೆ ಸುತ್ತಿಕೊಂಡು ಗೋಡೆಗೆ ಗುದ್ದಿದ. ಮೇಡಂ ಎಲ್ಲಿಗೆ ಹೋದರೆಂದು ಅವಳ ಬಾಯಿಂದಲೇ ಹೊರಡಿಸಿದ. ಆಮೇಲೆ ಮುಂದಿನ ಬಾಗಿಲಿಗೆ ಬೀಗ ಜಡಿದು, ಹಿಂದಿನ ಬಾಗಿಲ ಮರೆಯಲ್ಲಿ ಸ್ಟೂಲು ಹಾಕಿ ಕೂತ.

"ಹೊಡೀರಿ. ನಿಲ್ಲಿಸಿದ್ರೆ ನೋಡಿ," ಎಂದ. ದನಿ ತಣ್ಣಗಿತ್ತು. ಅದಕ್ಕೇ ಹೆಚ್ಚು ಹೆದರಿದೆ.

ಅವನ ಲೆಕ್ಕಾಚಾರ ಆಗ ಅರ್ಥವಾಯಿತು. ಓಣಿಯಲ್ಲಿ ಬರುವ ಮೇಡಂ ಕಿವಿಗೆ ಟೈಪಿನ ಸದ್ದು ಬಿದ್ದರೆ ಎಲ್ಲ ಸರಿಯಿದೆ ಎಂದುಕೊಂಡು ಹತ್ತಿ ಬರುತ್ತಾರೆ. ನಾವು ಉಳಿದ ಮಷೀನುಗಳಲ್ಲಿ ಹೊಡೆದೆವು, ಸಂಜೆಯವರೆಗೂ ಹೊಡೆದೆವು. ರಕ್ತ ಕಾಗದದ ಮೇಲೆ ತೊಟ್ಟಿಕ್ಕುತ್ತಿತ್ತು. ಬಸ್ಸು ಬರುವ ಹೊತ್ತಾದಾಗ ನೆಮ್ಮಾರಿನವಳು ನನಗೆ ಕಣ್ಣು ಸನ್ನೆ ಮಾಡಿ ಬೇಕೆಂದೇ ತಪ್ಪು ತಪ್ಪಾಗಿ ಹೊಡೆಯತೊಡಗಿದಳು. ನಿಂತು ನಿಂತು, ಎಡವಿ ಎಡವಿ. ನಾನೂ ಹಾಗೆಯೇ ಮಾಡಿದೆ. ಟೈಪು ಗೊತ್ತಿಲ್ಲದ ಅವನಿಗೆ ತಿಳಿಯುವುದಿಲ್ಲ, ಮೆಟ್ಟಿಲ ಬುಡದಲ್ಲೇ ಮೇಡಂ ಅವರಿಗೆ ತಿಳಿಯುತ್ತದೆ, ಓಡಿಹೋಗುತ್ತಾರೆ ಎಂದು ನಮ್ಮ ಆಸೆ.

ತಿಳಿಯಿತು, ಮೆಟ್ಟಿಲ ಬುಡದಲ್ಲೇ ತಿಳಿಯಿತು. ಆದರೆ ಅವರು ನಮ್ಮ ಮೇಡಂ ಅಲ್ಲವೇ... ದಡದಡ ಹತ್ತುತ್ತಲೇ ಕೂಗಿದರು: "ಯಾರೇ ಅದು? ಒಂದು ದಿನ ನಾನಿಲ್ಲ ಅಂದ್ರೆ ಕಿರುಬೆರಳು ಸತ್ತೇ ಹೋಯ್ತಾ?"

ಬೈಯುತ್ತಲೇ ಒಳಗೆ ಬಂದರು. ಮುಖದಲ್ಲಿ ಪರೀಕ್ಷೆ ಚೆನ್ನಾಗಿ ಮಾಡಿದ ಸಂತೋಷವಿತ್ತು. ನಾನು ಅದನ್ನು ಕಣ್ಣಾರೆ ಕಂಡೆ.

ಅವನು ಅವರ ಬಲಗೈಯನ್ನು ಹಿಡಿದು ಬಾಗಿಲ ಸಂದಿಯಲ್ಲಿಟ್ಟು, ಭುಜ ಕೊಟ್ಟು ಬಾಗಿಲು ತಳ್ಳಿದ. ಒಣ ಅಡಕೆ ಸಿಪ್ಪೆ ಮುರಿದ ಹಾಗೆ ಸದ್ದಾಯಿತು. ಬಾಗಿಲು ತೆಗೆದು ಇನ್ನೊಮ್ಮೆ ತಳ್ಳಿದ. ಮೇಡಂ ಕಿರುಚಲಿಲ್ಲ. ತುಟಿ ಕಚ್ಚಿ ರಕ್ತ ಬಂದಿತ್ತು. ನೆಲಕ್ಕೆ ಕುಸಿದವರು ನಮ್ಮ ಕಡೆ ನೋಡಿ, "ಮನೆಗೆ ಹೋಗಿ ಕೂಸುಗಳೇ. ಮಷೀನಿಗೆ ಕವರ್ ಹಾಕಿ ಹೋಗಿ," ಎಂದರು.

ಗಾಳಿಗೆ ಬಾಗಿಲು ಬಡಿದು ಕೈ ಸಿಕ್ಕಿಕೊಂಡಿತು ಎಂದು ಅವನು ಊರಿಗೆಲ್ಲ ಹೇಳಿದ. ಪಾಪ, ಗಾಳಿಗಂತೆ, ಎಂದು ಊರೂ ತಲೆಯಾಡಿಸಿತು. ಅವತ್ತು ಕೊಪ್ಪದಲ್ಲಿ ಒಂದು ಎಲೆಯೂ ಅಲ್ಲಾಡಿರಲಿಲ್ಲ. ನೆಮ್ಮಾರಿನವಳನ್ನು ಅವಳ ಅಪ್ಪ ಮತ್ತೆ ಕ್ಲಾಸಿಗೆ ಕಳಿಸಲಿಲ್ಲ. ನಾನು ಮಾತ್ರ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡು ಹೋದೆ. ಮೇಡಂ ಬಲಗೈಗೆ ಬ್ಯಾಂಡೇಜು ಸುತ್ತಿಕೊಂಡು, ಎಡಗೈಯಲ್ಲಿ ರೂಲುದೊಣ್ಣೆ ಹಿಡಿದು ಎಂದಿನಂತೆ ನಡೆದಾಡುತ್ತಿದ್ದರು. ಎಡಗೈ ಪೆಟ್ಟಿಗೆ ಗುರಿ ಇರಲಿಲ್ಲ, ಎಲ್ಲೆಂದರಲ್ಲಿ ಬೀಳುತ್ತಿತ್ತು.

ಕೆಲಸದ ಆದೇಶ ಬಂತು. ಅವರು ಆಯ್ಕೆಯಾಗಿದ್ದರು, ನಾನು ಆಗಿರಲಿಲ್ಲ. ಈ ಕೈಯಲ್ಲಿ ಹೇಗೆ ಎಂದು ನಾನು ಕೇಳಿದಾಗ, "ಎಡಗೈಲಿ ಸಹಿ ಹಾಕಕ್ಕೆ ಕಲ್ತಿದೀನಿ. ಒಮ್ಮೆ ಒಳಗೆ ಹೋದ್ರೆ ಸಾಕು, ಉಳಿದಿದ್ದು ನೋಡ್ಕೊಳ್ಳಣ. ಸೋಮವಾರ ಹೋಗ್ತೀನಿ, ಅವನಿಗೂ ಹೇಳಿ ಆಗಿದೆ," ಎಂದರು. ಹೆದರಿಕೆ ಅನ್ನುವುದೇ ಆ ಕಣ್ಣಿನಲ್ಲಿ ಉಳಿದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಹೆಣ ಮನೆಯ ಹಿಂದಿನ ಬಾವಿಯಲ್ಲಿ ಸಿಕ್ಕಿತು.

ನೀರು ಸೇದಲು ಹೋಗಿ ಕಾಲು ಜಾರಿತಂತೆ. ಮೋಟರ್ ಹಾಕಿದ ಬಾವಿಯಲ್ಲಿ, ಮುರಿದ ಕೈಯಲ್ಲಿ, ನೀರು ಸೇದಲು ಯಾರು ಹೋಗುತ್ತಾರೆ? ಕೇಳಿದವರ ಹತ್ತಿರವೆಲ್ಲ ನಾನು ಬಾಗಿಲಿನ ವಿಷಯ ಹೇಳಿದೆ. ನೆಮ್ಮಾರಿನವಳೂ ಬಂದು ಹೇಳಿದಳು. ಬಾವಿಯ ಹತ್ತಿರ ನೀವು ಇದ್ದಿರಾ ಎಂದು ಪೊಲೀಸರು ಕೇಳಿದರು. ಇರಲಿಲ್ಲ. ಅಷ್ಟಕ್ಕೇ ಎಲ್ಲ ಮುಗಿಯಿತು...

ಆಮೇಲೆ ಎಷ್ಟು ಸಲ ಅರ್ಜಿ ಕರೆದರೂ ನಾನು ಹಾಕಿದೆ. ಸಿಟ್ಟಿಗೆ ಹಾಕಿದೆ. ಹಾಕುತ್ತಾ ಹಾಕುತ್ತಾ ಕೊನೆಗೊಮ್ಮೆ ಕೆಲಸ ಸಿಕ್ಕಿತು, ಅದೇ ವಿಶ್ವವಿದ್ಯಾಲಯದಲ್ಲಿ. ಸಣ್ಣದೊಂದು ಕ್ವಾರ್ಟರ್ಸೂ ಸಿಕ್ಕಿತು. ಅದರ ಬಾಗಿಲಿಗೆ ಗಟ್ಟಿಯಾದ ಚಿಲಕವೇ ಇತ್ತು. ಆದರೂ ನಾನು ಬಸ್ಸು ಹತ್ತಿ ಕೊಪ್ಪಕ್ಕೆ ಹೋಗಿ ಆ ಅಂಗಡಿಯ ಮುಂದೆ ನಿಂತೆ. ಅಟ್ಟದ ಮೇಲೆ ಸಿಮೆಂಟಿನ ಚೀಲ ತುಂಬಿದ್ದರು. ಅವನಿಗೆ ವಯಸ್ಸಾಗಿತ್ತು.

"ಒಂದು ಚಿಲಕ ಕೊಡಿ," ಎಂದೆ.

"ಒಳಗಿಂದ ಹಾಕೋದಾ, ಹೊರಗಿಂದ ಹಾಕೋದಾ?"

"ಒಳಗಿಂದ ಹಾಕೋದು. ಹೊರಗಿಂದ ಯಾರು ಗುದ್ದಿದ್ರೂ ಬಿಚ್ಕೋಬಾರ್ದು."

ತಲೆಯೆತ್ತಿ ನೋಡಿದ. ನನ್ನ ಹುಬ್ಬಿನ ಗಾಯದ ಗುರುತಿನ ಮೇಲೆ ಅವನ ಕಣ್ಣು ನಿಂತಿತು. ಕೈಯಲ್ಲಿದ್ದ ಸ್ಕ್ರೂಗಳು ಮೇಜಿನ ಮೇಲೆ ಚೆಲ್ಲಿದವು. ನಾನು ಒಂದೊಂದಾಗಿ ಆರಿಸಿಕೊಂಡೆ, ಅವಸರ ಮಾಡಲಿಲ್ಲ. ಅವನ ಕತ್ತು ಹಿಸುಕಬೇಕೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅವನ ಕೈಯಿಂದಲೇ ಚಿಲಕ ಇಸಕೊಂಡು ಬಂದೆ.

ಅದೇ ಚಿಲಕ ಇದು. ಎಣ್ಣೆ ಬಿಟ್ಟ ಮೇಲೆ ಈಗ ಸದ್ದಿಲ್ಲದೆ ಸರಿಯುತ್ತದೆ. ನನ್ನ ಕೈಯಲ್ಲಿ ಮಾತ್ರ ಆ ವಾಸನೆ ಸೋಪಿಗೂ ಹೋಗಿಲ್ಲ. ಈ ಮನೆ ಅವರದಾಗಬೇಕಿತ್ತು. ಅವರು ಬೇಕೆಂದದ್ದು ಒಂದೇ ಒಂದು ದಿನದ ನಿದ್ದೆ. ನಾನು ದಿನಾ ಚಿಲಕ ಹಾಕಿಕೊಂಡು ಮಲಗುತ್ತೇನೆ, ನಿದ್ದೆ ಬರುವುದಿಲ್ಲ.