ಸಾಕ್ಷಿ ಹೇಳಿದ ಸೆನೆಟರ್

ಆ ಅಮೆರಿಕದ ಸೆನೆಟರ್‌ನನ್ನು ಅಪ್ಪ ರಾಜಕಾರಣಿ ಎಂದುಕೊಂಡಿರಲೇ ಇಲ್ಲ, ಪ್ರವಾದಿ ಎಂದುಕೊಂಡಿದ್ದ. ಎರಡು ಸಾವಿರದ ನಂತರದ ಮೊದಲ ವರ್ಷಗಳವು. ಮೆಲ್ಬರ್ನ್‌ನ ಡ್ಯಾಂಡಿನಾಂಗ್‌ನಲ್ಲಿ ನಮ್ಮ ಕ್ರೈಸ್ತ ಸಭೆ ಸೇರುತ್ತಿದ್ದ ಬಾಡಿಗೆ ಹಾಲ್‌ಗೆ ಅವನು ಬಂದು ತನ್ನ ಬದುಕನ್ನು ಹೇಳಿಕೊಂಡ. ಗಣಿಯ ಊರು, ಕುಡುಕ ತಂದೆ, ಟೆಂಟಿನ ಪ್ರಾರ್ಥನಾ ಕೂಟದಲ್ಲಿ ಸಿಕ್ಕ ರಕ್ಷಣೆ, ಆಮೇಲೆ ಶಾಲಾ ಮಂಡಳಿ, ಆಮೇಲೆ ರಾಜ್ಯದ ಸೆನೆಟ್. ಪ್ರತಿ ಮಸೂದೆಗೂ ಮೊದಲು ಮೊಣಕಾಲೂರುತ್ತಿದ್ದನಂತೆ. ಆ ಹೊತ್ತಿಗೆ ಸರಿಯಾಗಿ ಪತ್ರಿಕೆಯವರು ಅಲ್ಲಿ ಹೇಗಿರುತ್ತಿದ್ದರು ಎಂದು ಯಾರೂ ಕೇಳಲಿಲ್ಲ.

ನನ್ನ ತಂಗಿ ಮದುವೆಯಿಲ್ಲದೆ ಬಸುರಾಗಿರುವುದು ಅದೇ ವಾರ ಮನೆಯಲ್ಲಿ ಗೊತ್ತಾಗಿತ್ತು. ಅಪ್ಪ ಕೂಗಾಡಿದ್ದ, ಊಟ ಬಿಟ್ಟಿದ್ದ. ಶನಿವಾರ ಮಾತ್ರ ಅವಳ ತಟ್ಟೆಗೆ ತಾನೇ ಅನ್ನ ಬಡಿಸಿದ್ದ. ಅದನ್ನು ನೋಡಿ ಅವ್ವನಿಗೆ ಹೋದ ಜೀವ ಬಂದಂತಾಗಿತ್ತು.

ಭಾನುವಾರ ಸಾಕ್ಷಿ ಹೇಳುತ್ತಾ ಸೆನೆಟರ್ ತನ್ನ ಮಗಳ ವಿಷಯ ತೆಗೆದ. ಚುನಾವಣೆಯ ವರ್ಷ ಅವಳು ಮದುವೆಯಿಲ್ಲದೆ ಬಸುರಾದಳು, ದೇವರ ಆಜ್ಞೆಗಿಂತ ಮಗಳು ದೊಡ್ಡವಳಲ್ಲವೆಂದು ಸೂಟ್‌ಕೇಸ್ ಹೊರಗಿಟ್ಟೆ, ದೇವರು ನನ್ನನ್ನು ಗೆಲ್ಲಿಸಿದ ಎಂದ. ಹಾಲ್‌ಗೆ ಹಾಲೇ ಎದ್ದು ನಿಂತಿತು.

ನಾವು ಬಿಟ್ಟುಬಂದ ಧಾರವಾಡದ ಸಭೆಯಲ್ಲಿ ಸಾಕ್ಷಿ ಹೇಳುವುದೆಂದರೆ ದೇವರೆದುರು ಬಾಯಿ ಬಿಡುವುದು. ಸಾಕ್ಷಿಗೆ ನಿಂತು ತೂಕದ ಮೋಸ ಒಪ್ಪಿಕೊಂಡ ಕಿರಾಣಿಯವನೊಬ್ಬ ಅಂಗಡಿಯನ್ನೇ ಮುಚ್ಚಿದ್ದನ್ನು ಅಪ್ಪ ಕಣ್ಣಾರೆ ಕಂಡವನು. ಅಲ್ಲಿ ನಿಂತವನು ಉಪ್ಪುಖಾರ ಹಚ್ಚಿ ಹೇಳಬಹುದು ಎಂಬುದು ಅವನಿಗೆ ಹೊಳೆಯುವ ಮಾತೇ ಅಲ್ಲ.

ಹಾಲ್‌ನಿಂದ ಕ್ರಾನ್‌ಬರ್ನ್‌ನ ನಮ್ಮ ಮನೆಗೆ ಬಂದವನೇ ಅಪ್ಪ ತಂಗಿಯ ಸೂಟ್‌ಕೇಸ್ ಹೊರಗಿಟ್ಟ. ಅವ್ವ ಕಾಲು ಹಿಡಿದಳು.

"ಅಂಥಾ ದೊಡ್ಡ ಮನಶ್ಯಾನ ಮಾಡ್ಯಾನ," ಎಂದ ಅಪ್ಪ. "ನಾ ಯಾವ ಲೆಕ್ಕ?"

ತಂಗಿ ಸಿಡ್ನಿಗೆ ಹೋಗಿ ಅಲ್ಲಿನ ಲಿವರ್‌ಪೂಲ್ ಬಡಾವಣೆಯಲ್ಲಿ ಗೆಳತಿಯ ರೂಮ್ ಸೇರಿದಳು. ಹೆರಿಗೆಗೆ ಆಸ್ಪತ್ರೆಯಲ್ಲಿ ನಾನಿದ್ದೆ. ಮಗು ಗಂಡೋ ಹೆಣ್ಣೋ ಎಂದು ಅಪ್ಪ ಕೇಳಲಿಲ್ಲ. ಕೇಳದವನಿಗೆ ಹೇಳುವಷ್ಟು ಒಳ್ಳೆಯವನಲ್ಲ ನಾನು. ಅವ್ವನಿಗೆ ಹೇಳಿದ್ದೆ, ಅವಳೂ ಬಾಯಿ ಬಿಡಲಿಲ್ಲ.

ಎರಡು ವರ್ಷದ ಮೇಲೆ ಸೆನೆಟರ್ ಮತ್ತೆ ಮೆಲ್ಬರ್ನ್‌ಗೆ ಬಂದ. ವಾಪಸು ಹೊರಟಾಗ ಏರ್‌ಪೋರ್ಟಿಗೆ ಬಿಡುವ ಪುಣ್ಯ ನಮ್ಮದಾಯಿತು. ನಾನು ಕಾರು ಓಡಿಸುತ್ತಿದ್ದೆ. ಹಿಂದಿನ ಸೀಟಿನಲ್ಲಿ ಅಪ್ಪ, ಬಹುಮಾನ ತೋರಿಸುವ ಹುಡುಗನ ಹಾಗೆ, ನಾನೂ ನಿಮ್ಮಂತೆಯೇ ಮಾಡಿದೆ ಎಂದು ತನ್ನ ಇಂಗ್ಲಿಷಿನಲ್ಲಿ ಹೇಳಿದ.

ಸೆನೆಟರ್ ನಕ್ಕ. "ಅಯ್ಯೋ ಬ್ರದರ್, ಅವಳು ಮತದಾನ ಮುಗಿಯುವ ತನಕ ನನ್ನ ತಂಗಿಯ ಮನೆಯಲ್ಲಿದ್ದಳು, ಅಷ್ಟೆ. ಈಗ ನಮ್ಮ ಜೊತೆಗೇ ಇದ್ದಾಳೆ." ಪರ್ಸ್ ಬಿಚ್ಚಿ ಮೊಮ್ಮಗನ ಫೋಟೊ ತೋರಿಸಿದ. "ನೀವೂ ಮಗಳನ್ನು ಕರಕೊಂಡು ಬಂದಿದ್ದೀರಿ ತಾನೆ?"

"ಯೆಸ್, ಯೆಸ್," ಎಂದ ಅಪ್ಪ.

"ಮೊಮ್ಮಗನೋ, ಮೊಮ್ಮಗಳೋ?"

ಕನ್ನಡಿಯಲ್ಲಿ ಅಪ್ಪ ನನ್ನನ್ನು ನೋಡಿದ. ನಾನು ರಸ್ತೆ ನೋಡಿದೆ.

"ಬಾಯ್," ಎಂದ ಅಪ್ಪ. ಅವನ ಪೇಚಾಟ ಕಂಡು ನನಗೆ ಖುಷಿಯಾಯಿತು. ಸುಳ್ಳು ಹೇಳಲು ಅವನಿಗೆ ಬಾರದು, ಕಿವಿ ಕೆಂಪಾಗಿದ್ದವು.

ಸೆನೆಟರ್‌ನನ್ನು ಇಳಿಸಿ ವಾಪಸು ಬರುವಾಗ ಅಪ್ಪ ಮುಂದಿನ ಸೀಟಿಗೆ ಬಂದ. ಆಮೇಲೆ ಕೇಳಿದ, "ತಮ್ಮಾ, ಗಂಡೇನು, ಹೆಣ್ಣೇನು?"

"ಅಕಿನ್ನ ಕೇಳ್ರಿ," ಎಂದೆ.

ಮುಂದಿನ ಭಾನುವಾರ ಅಪ್ಪ ನನ್ನ ಫೋನಿನಲ್ಲಿ ತಂಗಿಯ ನಂಬರ್ ಒತ್ತಿಸಿಕೊಂಡ. ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟೆ. ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನಾನವ್ವಾ, ನಿಮ್ಮಪ್ಪ," ಎಂದ.

"ರಾಂಗ್ ನಂಬರ್ ರೀ, ಅಂಕಲ್," ಎಂದಳು ತಂಗಿ.

ಅವಳು ಫೋನ್ ಇಡುವ ಮೊದಲು ಹಿಂದೆ ಮಗು ಅಳುತ್ತಿರುವುದು ಕೇಳಿಸಿತು. ಅಪ್ಪ ಟೇಬಲ್ಲಿಗೆ ಬಗ್ಗಿ ಕಿವಿಗೊಟ್ಟ. ಗಂಡೋ ಹೆಣ್ಣೋ ಅಳುವಿನಿಂದ ತಿಳಿಯುವುದಿಲ್ಲ.